ಬಲಮೂಲೆಯಲ್ಲಿ ಕತ್ತರಿಸದ ಲೇಸರ್: ನನ್ನ ಅನುಭವ

ತುಮಕೂರಿನ ಶಿರಾ ಗೇಟ್ ಬಳಿ ನಾನು ನಡೆಸುವ ನಾಮಫಲಕದ ಅಂಗಡಿಯಲ್ಲಿ 60 ವ್ಯಾಟ್‌ನ ಕಾರ್ಬನ್ ಡೈಆಕ್ಸೈಡ್ ಲೇಸರ್ ಯಂತ್ರವಿದೆ. ಕಳೆದ ತಿಂಗಳು ಅದು 3 ಮಿ.ಮೀ. ಪ್ಲೈವುಡ್ಡನ್ನು ಎಡಗಡೆ ಸಲೀಸಾಗಿ ಕತ್ತರಿಸುತ್ತಿದ್ದರೂ ಬಲಮೂಲೆಗೆ ಹೋದಂತೆ ಅರ್ಧ ಆಳಕ್ಕೇ ನಿಲ್ಲತೊಡಗಿತು. ಅಲ್ಲಿ ಕೆತ್ತಿದ ಒತ್ತಕ್ಷರಗಳೂ ಮಸುಕಾಗಿ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತಿದ್ದವು.

ಶಕ್ತಿ ಹೆಚ್ಚಿಸಿ, ವೇಗ ತಗ್ಗಿಸಿ ನೋಡಿದೆ. ಅಂಚು ಕರಕಲಾಯಿತೇ ಹೊರತು ತುಂಡು ಬೇರ್ಪಡಲಿಲ್ಲ. ಲೇಸರ್ ಕಿರಣ ಹುಟ್ಟಿಸುವ ಟ್ಯೂಬನ್ನೇ ಬದಲಿಸಬೇಕೆಂದು ಒಬ್ಬರು ಹೇಳಿದರು. ಆದರೆ ಟ್ಯೂಬು ಸೋತಿದ್ದರೆ ಎಡಗಡೆಯೂ ಕತ್ತರಿಕೆ ಕುಂದಬೇಕಿತ್ತು ಎಂಬ ಯೋಚನೆ ನನ್ನನ್ನು, ಆ ಕಿರಣವನ್ನು ಎಡಬಲ ಚಲಿಸುವ ಲೇಸರ್ ತಲೆಗೆ ಮುಟ್ಟಿಸುವ ಕನ್ನಡಿಗಳ ಕಡೆಗೆ ತಿರುಗಿಸಿತು.

ಲೇಸರ್ ತಲೆಯ ಕನ್ನಡಿಯ ಮುಂದಿನ ರಂಧ್ರಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಮುಚ್ಚಳ ಮುಚ್ಚಿ, ಕನಿಷ್ಠ ಶಕ್ತಿಯಲ್ಲಿ ಎಡತುದಿಯಲ್ಲೊಮ್ಮೆ, ಬಲತುದಿಯಲ್ಲೊಮ್ಮೆ ಕ್ಷಣಮಾತ್ರ ಲೇಸರ್ ಹಾಯಿಸಿದೆ. ಒಂದೇ ಕಡೆ ಬೀಳಬೇಕಾದ ಎರಡು ಸುಟ್ಟ ಚುಕ್ಕೆಗಳ ನಡುವೆ ಸುಮಾರು 4 ಮಿ.ಮೀ. ಅಂತರವಿತ್ತು. ಕಿರಣವನ್ನು ತಲೆಯ ಕಡೆಗೆ ಕಳಿಸುವ ಎರಡನೆಯ ಕನ್ನಡಿಯ ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತಾ, ಪ್ರತಿಸಲ ಹೊಸ ಟೇಪ್ ಹಾಕುತ್ತಾ, ಎರಡೂ ಚುಕ್ಕೆಗಳು ಒಂದರ ಮೇಲೊಂದು ಕೂರುವವರೆಗೆ ತಾಳ್ಮೆಯಿಂದ ಸರಿಪಡಿಸಿದೆ.

ಲೆನ್ಸಿನ ಮೇಲೆ ಕಂದು ಬಣ್ಣದ ಹೊಗೆಜಿಡ್ಡೂ ಇತ್ತು. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಒತ್ತದೆ ಒರೆಸಿದೆ. ಈಗ ಹಳೆಯ ವೇಗದಲ್ಲೇ ನಾಲ್ಕೂ ಮೂಲೆಗಳಲ್ಲಿ ತುಂಡುಗಳು ತಾವಾಗಿ ಕಳಚಿ ಬೀಳುತ್ತಿವೆ.