ದಿನಾಂಕ ಓದುವ ಲೈಬ್ರರಿಗೆ ದಿನಾಂಕ ಗೊತ್ತು ಮಾಡಿದ ಕಥೆ

ನಾನು ನೋಡಿಕೊಳ್ಳುವುದು ಒಂದು ಪುಟ್ಟ ಪೈಥಾನ್ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮ್‌ಗಳು ಎತ್ತಿ ಬಳಸುವ ಸಿದ್ಧ ಕೋಡ್. ಜನ ಬೇರೆಬೇರೆ ರೀತಿ ಬರೆದ ದಿನಾಂಕ, ಸಮಯ ಎಲ್ಲವನ್ನೂ ಓದಿ ಒಂದೇ ರೂಪಕ್ಕೆ ತಂದು ಕೊಡುವುದಷ್ಟೇ ಅದರ ಕೆಲಸ. ಊರವರ ದಿನಾಂಕ ಸರಿಮಾಡುವ ಈ ಲೈಬ್ರರಿಗೆ ತನ್ನದೇ ಒಂದು ದಿನಾಂಕ ಇಲ್ಲ ಅನ್ನೋದು ನನಗೆ ಹೊಳೆದದ್ದು ತುಂಬಾ ತಡವಾಗಿ. ಮುಂದಿನ ರಿಲೀಸ್, ಅಂದರೆ ಹೊಸ ಆವೃತ್ತಿ, ಯಾವಾಗ ಅಂತ ಯಾರಾದರೂ ಕೇಳಿದರೆ "ರೆಡಿ ಆದಾಗ" ಅಂತಿದ್ದೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಹಾಗೆ ಹೇಳುತ್ತಾ ಹೇಳುತ್ತಾ ಒಂದು ಸಲ ಹದಿನಾಲ್ಕು ತಿಂಗಳು ಕಳೆದುಹೋಯಿತು.

ಕೆಲಸವೇನೂ ನಿಂತಿರಲಿಲ್ಲ. ಫೆಬ್ರವರಿ 29 ಬಂದರೆ ತಪ್ಪು ಉತ್ತರ ಕೊಡುತ್ತಿದ್ದ ಒಂದು ಬಗ್ ಇತ್ತು. ಯಾರೋ ಪುಣ್ಯಾತ್ಮರು ಅದನ್ನು ಸರಿಮಾಡಿ ಟೆಸ್ಟ್ ಸಮೇತ ಕಳಿಸಿದರು, ನಾನು ಅವತ್ತೇ ಮರ್ಜ್ ಮಾಡಿದೆ, ಅಂದರೆ ನಮ್ಮ ಮುಖ್ಯ ಕೋಡ್‌ಗೆ (ಮೇನ್ ಬ್ರಾಂಚ್) ಸೇರಿಸಿದೆ. ಆದರೆ ರಿಲೀಸ್ ಇಲ್ಲ. ಮುಂದಿನ ಎಂಟು ತಿಂಗಳು ಬೇರೆಬೇರೆಯವರು ಬಂದು ಅದೇ ಬಗ್ ವರದಿ ಮಾಡುತ್ತಲೇ ಇದ್ದರು. "ಇದು ಮೇನ್ ಬ್ರಾಂಚ್‌ನಲ್ಲಿ ಸರಿಯಾಗಿದೆ, ಮುಂದಿನ ರಿಲೀಸ್‌ನಲ್ಲಿ ಬರುತ್ತೆ" ಅನ್ನೋ ಸಾಲನ್ನು ಟೈಪ್ ಮಾಡಿ ಮಾಡಿ ಬೇಜಾರಾಗಿ ಕೊನೆಗೆ ಒಂದು ಫೈಲ್‌ನಲ್ಲಿ ಇಟ್ಟುಕೊಂಡು ಕಾಪಿ ಮಾಡುತ್ತಿದ್ದೆ. ಆ ಪುಣ್ಯಾತ್ಮರು ಮತ್ತೆ ಈ ಕಡೆ ಬರಲೇ ಇಲ್ಲ. ನಾನಾಗಿದ್ದರೂ ಬರುತ್ತಿರಲಿಲ್ಲ.

ಕೊನೆಗೆ ಒಂದು ದಿನ ಎಲ್ಲ ಸೇರಿಸಿ ರಿಲೀಸ್ ಮಾಡಿದೆ. ಎರಡೇ ದಿನಕ್ಕೆ ದೂರು ಬಂತು: ಕೆಲವು ಟೈಮ್‌ಜೋನ್‌ಗಳಲ್ಲಿ ಸಮಯ ಒಂದು ಗಂಟೆ ಆಚೀಚೆ ಆಗುತ್ತಿದೆ. ಯಾವ ಬದಲಾವಣೆಯಿಂದ? ಹಿಂದಿನ ರಿಲೀಸ್‌ನಿಂದ ಇಲ್ಲಿವರೆಗೆ ಮುನ್ನೂರಕ್ಕೂ ಜಾಸ್ತಿ ಕಮಿಟ್ (ಕೋಡ್‌ಗೆ ಸೇರಿಸಿದ ಒಂದೊಂದು ಬದಲಾವಣೆ). ತಪ್ಪು ತಂದ ಕಮಿಟ್ ಹುಡುಕಿಕೊಡುವ ಗಿಟ್ ಬೈಸೆಕ್ಟ್ ಇದೆಯಲ್ಲ, ಪ್ರತಿ ಸಲ ಅರ್ಧಕ್ಕರ್ಧ ಕಡಿಮೆ ಮಾಡುತ್ತಾ ಹೋದರೆ ಎಂಟೊಂಬತ್ತು ಹೆಜ್ಜೆಯಲ್ಲಿ ಸಿಗಬೇಕು ಅಂದುಕೊಂಡು ಕೂತೆ. ಸಿಗಲಿಲ್ಲ. ನಡುವೆ ಎಲ್ಲೋ ಬಿಲ್ಡ್ ಮಾಡುವ ರೀತಿಯನ್ನೇ ಬದಲಾಯಿಸಿದ್ದೆ, ಅಲ್ಲಿನ ಒಂದು ರಾಶಿ ಕಮಿಟ್‌ಗಳು ನನ್ನ ಯಂತ್ರದಲ್ಲಿ ಇನ್‌ಸ್ಟಾಲ್ ಕೂಡ ಆಗುತ್ತಿರಲಿಲ್ಲ. ಸ್ಕಿಪ್, ಸ್ಕಿಪ್, ಸ್ಕಿಪ್. ಇಡೀ ಭಾನುವಾರ ಹೋಯಿತು. ಹೊಸ ಕೋಡ್ ಬರೆಯೋದು ನಿಲ್ಲಿಸಿ ಮೊದಲು ವೇಳಾಪಟ್ಟಿ ಮಾಡಬೇಕು ಅಂತ ಅನ್ನಿಸಿದ್ದು ಅವತ್ತೇ.

ಬೇರೆಯವರು ಹೇಗೆ ಮಾಡ್ತಾರೆ ಅಂತ ನೋಡಿದೆ. ಲಿನಕ್ಸ್‌ನ ಡೆಸ್ಕ್‌ಟಾಪ್ ಗ್ನೋಮ್ ಮತ್ತು ಲಿನಕ್ಸ್ ಡಿಸ್ಟ್ರಿಬ್ಯೂಷನ್ ಉಬುಂಟು ಆರು ತಿಂಗಳಿಗೊಮ್ಮೆ. ರಸ್ಟ್ ಭಾಷೆ ಆರು ವಾರಕ್ಕೊಮ್ಮೆ, 2015ರ 1.0 ಇಂದಲೂ ಅದೇ ಲೆಕ್ಕ. ಪೈಥಾನ್ ಮೊದಲು ಸುಮಾರು ಒಂದೂವರೆ ವರ್ಷಕ್ಕೆ ಒಂದು ಬರುತ್ತಿತ್ತು, 3.9 ಇಂದ ಪ್ರತಿ ಅಕ್ಟೋಬರ್. ಲಿನಕ್ಸ್ ಕರ್ನಲ್‌ನಲ್ಲಿ ಎರಡು ವಾರ ಮಾತ್ರ ಬಾಗಿಲು ತೆಗೆದಿರುತ್ತಾರೆ, ಹೊಸದೇನಿದ್ದರೂ ಆಗಲೇ ಒಳಗೆ ಬರಬೇಕು. ಆಮೇಲೆ ವಾರವಾರ ಒಂದೊಂದು ಆರ್‌ಸಿ (ಪರೀಕ್ಷೆಗೆಂದು ಬಿಡುವ ರಿಲೀಸ್ ಕ್ಯಾಂಡಿಡೇಟ್), ಒಟ್ಟು ಒಂಬತ್ತು ಹತ್ತು ವಾರಕ್ಕೆ ರಿಲೀಸ್. ಎಲ್ಲದರಲ್ಲೂ ಕಂಡ ವಿಷಯ ಒಂದೇ. ತಾರೀಖು ಕದಲಲ್ಲ, ಒಳಗೆ ಏನಿರುತ್ತೆ ಅನ್ನೋದು ಕದಲುತ್ತೆ. ರೈಲಿನ ಹಾಗೆ. ಹತ್ತಿದವರು ಹತ್ತಿದರು, ತಪ್ಪಿದವರಿಗೆ ಮುಂದಿನದು. ನಾನು ಅಲ್ಲಿವರೆಗೆ ಮಾಡುತ್ತಿದ್ದದ್ದು ಎಲ್ಲರೂ ಹತ್ತುವವರೆಗೆ ರೈಲು ನಿಲ್ಲಿಸಿಕೊಂಡು ಕಾಯುವ ಕೆಲಸ.

ಸರಿ, ಎಷ್ಟು ದಿನಕ್ಕೊಮ್ಮೆ? ಇಲ್ಲಿ ನಾನು ಎರಡು ಸಲ ಎಡವಿದೆ.

ಮೊದಲು ತಿಂಗಳಿಗೊಂದು ಅಂತ ಘೋಷಿಸಿದೆ. ಹುಮ್ಮಸ್ಸು ಜಾಸ್ತಿ ಇತ್ತು. ಎರಡನೇ ತಿಂಗಳಿಗೇ ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿ) ಮೂರು ಸಾಲು, ಅದರಲ್ಲಿ ಒಂದು ಕಾಗುಣಿತ ತಿದ್ದಿದ್ದು. ನಮ್ಮ ಲೈಬ್ರರಿಯನ್ನು ಲಿನಕ್ಸ್ ಡಿಸ್ಟ್ರಿಬ್ಯೂಷನ್ ಒಂದಕ್ಕೆ ಪ್ಯಾಕೇಜ್ ಮಾಡುವವರು "ಪ್ರತಿ ತಿಂಗಳು ಇಷ್ಟಕ್ಕೆ ನಾವು ಓಡಬೇಕಾ?" ಅಂತ ತುಂಬಾ ಮರ್ಯಾದೆಯಿಂದಲೇ ಕೇಳಿದರು. ಮರ್ಯಾದೆಯಿಂದ ಕೇಳಿದ್ದಕ್ಕೇ ಜಾಸ್ತಿ ಚುಚ್ಚಿತು. ಆಮೇಲೆ ಆರು ತಿಂಗಳಿಗೆ ಹಾರಿದೆ. ಆಗ ಬೇರೆ ತೊಂದರೆ. ಆರು ತಿಂಗಳಾಗುವಷ್ಟರಲ್ಲಿ ರಿಲೀಸ್ ಮಾಡುವ ಕ್ರಮವೇ ಮರೆತುಹೋಗಿರುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಒಂದು ರೈಲು ತಪ್ಪಿದರೆ ಅರ್ಧ ವರ್ಷ ಕಾಯಬೇಕು ಅಂತ ಗೊತ್ತಿದ್ದಾಗ ಎಲ್ಲರೂ ಕೊನೆ ವಾರ ನುಗ್ಗುತ್ತಾರೆ. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದರು ಅಂತಾರಲ್ಲ, ಹಾಗೆ. ಹಾಗೆ ನೇಯ್ದ ಕೋಡೇ ರಿಲೀಸ್ ಆದ ಮೇಲೆ ಕಿತ್ತುಬರೋದು.

ಈಗ ಮೂರು ತಿಂಗಳಿಗೊಮ್ಮೆ. ಇದಕ್ಕೆ ಬಂದ ಲೆಕ್ಕ ಸ್ವಲ್ಪ ಬೇರೆ ಥರ. ಒಂದು ರಿಲೀಸ್‌ನಲ್ಲಿ ಎಷ್ಟು ಫೀಚರ್ ಕೊಡಬಹುದು ಅಂತ ನಾನು ಲೆಕ್ಕ ಹಾಕಲಿಲ್ಲ. ರಿಲೀಸ್ ಆದ ಮೇಲೆ ಬರುವ ದೂರುಗಳನ್ನು ಮುಗಿಸೋಕೆ ನನಗೆ ಎಷ್ಟು ದಿನ ಬೇಕು ಅಂತ ಹಳೇ ರಿಲೀಸ್‌ಗಳನ್ನು ತೆಗೆದು ನೋಡಿದೆ. ಸುಮಾರು ಮೂರು ವಾರ. ಫ್ರೀಜ್‌ಗೆ, ಅಂದರೆ ರಿಲೀಸ್‌ಗೆ ಮುಂಚೆ ಹೊಸ ಫೀಚರ್ ಸೇರಿಸೋದು ನಿಲ್ಲಿಸುವ ಅವಧಿಗೆ, ಎರಡು ವಾರ. ಇವೆರಡನ್ನು ಕಳೆದು ಉಳಿದ ದಿನಗಳಲ್ಲಿ ನಾಲ್ಕಾರು ಪಿಆರ್‌ಗಳನ್ನಾದರೂ (ಸೇರಿಸಿ ಅಂತ ಜನ ಕಳಿಸುವ ಕೋಡ್) ನೆಮ್ಮದಿಯಾಗಿ ಓದೋಕೆ ಆಗಬೇಕು. ಹೀಗೆ ಕೂಡಿಸಿದಾಗ ಹನ್ನೆರಡು ಹದಿಮೂರು ವಾರ ಬಂತು. ನಿಮ್ಮ ತಂಡ ದೊಡ್ಡದಿದ್ದರೆ ಈ ಲೆಕ್ಕ ಬೇರೆ ಬರುತ್ತೆ. ಆದರೆ ಲೆಕ್ಕ ಶುರು ಮಾಡಬೇಕಾದದ್ದು ರಿಪೇರಿಯ ದಿನಗಳಿಂದ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ತಿಂಗಳುಗಳು ಫೆಬ್ರವರಿ, ಮೇ, ಆಗಸ್ಟ್, ನವೆಂಬರ್. ಡಿಸೆಂಬರ್ ಕೊನೆಯಲ್ಲಿ ಯಾರೂ ಇರಲ್ಲ, ಅದು ಬೇಡ. ಪೈಥಾನ್ ಹೊಸ ಆವೃತ್ತಿ ಬರೋದು ಅಕ್ಟೋಬರ್‌ನಲ್ಲಿ. ಮೇ ತಿಂಗಳಲ್ಲೇ ಅವರ ಬೀಟಾ ಬರುತ್ತೆ, ಅಲ್ಲಿಂದ ಹೊಸ ಫೀಚರ್ ಸೇರಲ್ಲ. ಹಾಗಾಗಿ ನಮ್ಮ ಮೇ ರಿಲೀಸ್ ಮುಗಿದ ತಕ್ಷಣ ಆ ಬೀಟಾವನ್ನು ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ) ಸೇರಿಸುತ್ತೇನೆ. ಏನಾದರೂ ಮುರಿದರೆ ಆಗಸ್ಟ್ ರಿಲೀಸ್‌ನಲ್ಲಿ ಸರಿಮಾಡುತ್ತೇನೆ, ಅಳಿದುಳಿದದ್ದು ನವೆಂಬರ್‌ಗೆ. ನೀವು ಯಾವುದರ ಮೇಲೆ ನಿಂತಿದ್ದೀರೋ ಅದರ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ನಿಮ್ಮದು ಬರೆಯಿರಿ, ಇಲ್ಲದಿದ್ದರೆ ಅವರು ರಿಲೀಸ್ ಮಾಡಿದ ಮರುದಿನವೇ ನಿಮ್ಮ ಇಶ್ಯೂ ಪಟ್ಟಿ ತುಂಬಿರುತ್ತೆ.

ವಾರದ ಯಾವ ದಿನ ಅನ್ನೋದರ ಬಗ್ಗೆ ಎಲ್ಲರೂ ಹೇಳೋದು ಒಂದೇ, ಶುಕ್ರವಾರ ಬೇಡ, ಮಂಗಳವಾರ ಒಳ್ಳೇದು ಅಂತ. ನಾನೂ ಮಂಗಳವಾರ ಸಂಜೆ ಮಾಡಿ ನೋಡಿದೆ. ರಿಲೀಸ್ ಮಾಡಿ ಮಲಗಿದೆ, ಬೆಳಿಗ್ಗೆ ಎದ್ದು ಆಫೀಸಿಗೆ ಹೋದೆ, ಅಲ್ಲಿ ಮೀಟಿಂಗ್ ನಡುವೆ ಫೋನ್ ಗುಂಯ್‌ಗುಟ್ಟುತ್ತಾ ಇತ್ತು. ಆ ನಿಯಮ ಮಾಡಿದವರು ಅದನ್ನೇ ಸಂಬಳದ ಕೆಲಸವಾಗಿ ಮಾಡುವವರು. ನನ್ನಂಥ ಬಿಡುವಿನ ವೇಳೆಯ ಮೇಂಟೇನರ್‌ಗೆ ಶನಿವಾರ ಬೆಳಿಗ್ಗೆಯೇ ಸರಿ. ಭಾನುವಾರ ಪೂರ್ತಿ ಕೈಯಲ್ಲಿರುತ್ತೆ, ಸೋಮವಾರ ಜನ ಕೆಲಸಕ್ಕೆ ಬಂದು ಹೊಸ ಆವೃತ್ತಿ ಎಳೆದುಕೊಳ್ಳುವ ಹೊತ್ತಿಗೆ ದೊಡ್ಡ ತೂತು ಮುಚ್ಚಿರುತ್ತೆ.

ಫ್ರೀಜ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ವೇಳಾಪಟ್ಟಿ ಮುರಿಯೋದು ಅಲ್ಲೇ. ರಿಲೀಸ್‌ಗೆ ಎರಡು ವಾರ ಮುಂಚೆ ಮೇನ್‌ನಿಂದ ಒಂದು ಬ್ರಾಂಚ್ (ಕೋಡ್‌ನ ಬೇರೆ ಕವಲು) ಕತ್ತರಿಸುತ್ತೇನೆ. ಅಲ್ಲಿಂದ ಮುಂದೆ ಅದಕ್ಕೆ ಬಗ್ ಫಿಕ್ಸ್ ಮತ್ತು ಡಾಕ್ಯುಮೆಂಟೇಶನ್ ಮಾತ್ರ. ಮೊದಲ ಸಲ ಫ್ರೀಜ್ ಆದ ಮರುದಿನವೇ ನಮ್ಮಲ್ಲಿ ನಿಯಮಿತವಾಗಿ ಕೋಡ್ ಕಳಿಸುವ ಒಬ್ಬರು ಮೆಸೇಜ್ ಮಾಡಿದರು. "ಎರಡೇ ದಿನ ಸರ್, ಮುಗಿಸಿಬಿಡ್ತೀನಿ. ಇದೊಂದು ಹೋಗಲಿ." ಒಳ್ಳೆ ಹುಡುಗ, ಒಳ್ಳೆ ಫೀಚರ್. ಹೂಂ ಅಂದೆ. ಎರಡು ದಿನ ಐದಾಯಿತು. ಐದನೇ ದಿನ ವಿಂಡೋಸ್‌ನಲ್ಲಿ ಟೆಸ್ಟ್ ಬಿದ್ದವು. ಅದನ್ನು ಸರಿಮಾಡುವಾಗ ಇನ್ನೊಬ್ಬರು "ಹೇಗೂ ತಡ ಆಗಿದೆಯಲ್ಲ, ನನ್ನದೂ ಹಾಕಿ" ಅಂದರು. ಒಟ್ಟು ಮೂರು ವಾರ ತಡ.

ಮುಂದಿನ ಸಲ ಅದೇ ಹುಡುಗ, ಅದೇ ಮಾತು. ಈ ಸಲ ನಾನು "ಇಲ್ಲಪ್ಪ, ಫೆಬ್ರವರಿಗೆ ಹೋಗುತ್ತೆ, ಮರ್ಜ್ ಬೇಕಾದರೆ ಇವತ್ತೇ ಮೇನ್‌ಗೆ ಮಾಡ್ತೀನಿ" ಅಂದೆ. ಒಂದು ನಿಮಿಷ ಉತ್ತರ ಇಲ್ಲ. ಆಮೇಲೆ ಒಂದು ಹೆಬ್ಬೆರಳು ಬಂತು. ಅಷ್ಟೇ. ನಾನು ಅಷ್ಟೆಲ್ಲ ಹೆದರಿದ್ದು ಸುಮ್ನೆ. ಮೇನ್ ಬ್ರಾಂಚ್ ಮುಚ್ಚದೇ ಬ್ರಾಂಚ್ ಕತ್ತರಿಸಿ ಫ್ರೀಜ್ ಮಾಡಿದರೆ ಯಾರ ಕೆಲಸವೂ ನಿಲ್ಲಲ್ಲ. ಮುಂದಿನ ರೈಲು ಯಾವಾಗ ಅಂತ ಗೊತ್ತಿದ್ದರೆ ಬೇಡ ಅನ್ನಿಸಿಕೊಂಡವರಿಗೂ ಅಷ್ಟು ಬೇಜಾರಾಗಲ್ಲ. ಅಂದ ಹಾಗೆ, ತಡ ಆಗೋದು ನಮ್ಮಂಥವರಿಗೆ ಮಾತ್ರ ಅಲ್ಲ. ಉಬುಂಟು ಆವೃತ್ತಿಗಳಲ್ಲಿ .04 ಮತ್ತು .10 ಮಾತ್ರ ಇರಬೇಕು, ಏಪ್ರಿಲ್ ಮತ್ತು ಅಕ್ಟೋಬರ್. 2006ರ ಮೊದಲನೆಯದು ಮಾತ್ರ 6.06. ತಡವಾಗಿ ಜೂನ್‌ಗೆ ಬಂತು, ಆ ತಡ ಹೆಸರಲ್ಲೇ ಉಳಿದುಬಿಟ್ಟಿತು.

ರಿಲೀಸ್ ದಿನದ ಒಂದು ಅನಾಹುತ ಹೇಳಲೇಬೇಕು. ಎಲ್ಲ ಟೆಸ್ಟ್ ಹಸಿರು. ಕೋಡ್‌ಗೆ ಆವೃತ್ತಿಯ ಟ್ಯಾಗ್ ಹಾಕಿದೆ, ವೀಲ್ (ಇನ್‌ಸ್ಟಾಲ್ ಮಾಡುವ ಪ್ಯಾಕೇಜ್ ಫೈಲ್) ಕಟ್ಟಿದೆ, ಪೈಥಾನ್ ಪ್ಯಾಕೇಜ್‌ಗಳೆಲ್ಲ ಸಿಗುವ ಪೈಪಿಐಗೆ ಏರಿಸಿದೆ. ಹತ್ತು ನಿಮಿಷಕ್ಕೆ ಮೊದಲ ದೂರು: ಇಂಪೋರ್ಟ್ ಮಾಡಿದರೇ ಎರರ್, ಫೈಲ್ ಸಿಗುತ್ತಿಲ್ಲ. ಟೈಮ್‌ಜೋನ್‌ಗಳ ಚಿಕ್ಕ ಹೆಸರುಗಳನ್ನು ಒಂದು ಜೇಸನ್ ಫೈಲ್‌ಗೆ ಹಾಕಿದ್ದೆ. ಅದು ವೀಲ್ ಒಳಗೆ ಹೋಗಿರಲೇ ಇಲ್ಲ. ಟೆಸ್ಟ್‌ಗಳು ಓಡುತ್ತಿದ್ದದ್ದು ಸೋರ್ಸ್ ಫೋಲ್ಡರ್‌ನಲ್ಲಿ, ಅಲ್ಲಿ ಫೈಲ್ ಕಣ್ಣೆದುರೇ ಇದೆ, ಬೀಳೋದು ಹೇಗೆ? ಸರಿಮಾಡಿ ಅದೇ ಹೆಸರಲ್ಲಿ ಮತ್ತೆ ಏರಿಸೋಣ ಅಂದರೆ ಪೈಪಿಐ ಬಿಡಲ್ಲ. ಒಂದು ಸಲ ಬಳಸಿದ ಫೈಲ್ ಹೆಸರು ಡಿಲೀಟ್ ಮಾಡಿದರೂ ಮತ್ತೆ ಸಿಗಲ್ಲ. ಆ ಆವೃತ್ತಿಯನ್ನು ಯಾಂಕ್ ಮಾಡಿ (ಹೊಸಬರಿಗೆ ತಾನಾಗಿ ಸಿಗದ ಹಾಗೆ ಗುರುತು ಹಾಕಿ) ಕೊನೆಯ ಅಂಕಿ ಒಂದು ಏರಿಸಿ ಮತ್ತೆ ಬಿಟ್ಟೆ. ಅವತ್ತಿನಿಂದ ಸಿಐ ಮೊದಲು ವೀಲ್ ಕಟ್ಟುತ್ತೆ, ಅದನ್ನು ಖಾಲಿ ಎನ್ವಿರಾನ್‌ಮೆಂಟ್‌ನಲ್ಲಿ ಇನ್‌ಸ್ಟಾಲ್ ಮಾಡುತ್ತೆ, ಟೆಸ್ಟ್ ಓಡೋದು ಆಮೇಲೆ. ಜೊತೆಗೆ ಫ್ರೀಜ್ ದಿನವೇ ಒಂದು ಆರ್‌ಸಿ ಬಿಡುತ್ತೇನೆ. ಆರ್‌ಸಿ ಬಳಸುವವರು ತೀರಾ ಕಡಿಮೆ, ನಿಜ. ಆದರೆ ರಿಲೀಸ್ ಮಾಡುವ ದಾರಿ ಎರಡು ವಾರ ಮುಂಚೆಯೇ ಒಂದು ಸಲ ತುಳಿದು ನೋಡಿದ ಹಾಗಾಗುತ್ತೆ.

ಚೇಂಜ್‌ಲಾಗ್ ಕೊನೇ ದಿನ ಬರೆಯುತ್ತಿದ್ದೆ, ಬಿಟ್ಟೆ. ಈಗ ಪ್ರತಿ ಪಿಆರ್ ಜೊತೆ ಒಂದು ಚಿಕ್ಕ ಫೈಲ್ ಬರಬೇಕು, ಒಂದೆರಡು ಸಾಲು, ಬಳಸುವವರಿಗೆ ಏನು ಬದಲಾಯಿತು ಅಂತ. ಟೌನ್‌ಕ್ರೈಯರ್ ಅನ್ನೋ ಟೂಲ್ ಅವನ್ನೆಲ್ಲ ಸೇರಿಸಿ ಕೊಡುತ್ತೆ.

ಆವೃತ್ತಿ ಸಂಖ್ಯೆಗೂ ತಾರೀಖಿಗೂ ಜಗಳ ಇಲ್ಲ. ಯಾವಾಗ ಅನ್ನೋದನ್ನ ಕ್ಯಾಲೆಂಡರ್ ಹೇಳುತ್ತೆ, ಏನು ಅನ್ನೋದನ್ನ ಆವೃತ್ತಿಗೆ ಮೂರು ಅಂಕಿ ಕೊಡುವ ಸೆಮ್ಯಾಂಟಿಕ್ ವರ್ಷನಿಂಗ್ ಪದ್ಧತಿ ಹೇಳುತ್ತೆ. ಬರೀ ಫಿಕ್ಸ್ ಇದ್ದರೆ ಕೊನೆಯ ಅಂಕಿ, ಹೊಸದೇನಾದರೂ ಇದ್ದರೆ ನಡುವಿನದು. ಹಳೇ ಕೋಡ್ ಮುರಿಯುವಂಥ ಬದಲಾವಣೆ ಫೆಬ್ರವರಿಯಲ್ಲಿ ಮಾತ್ರ, ಅದೂ ಎರಡು ರಿಲೀಸ್ ಮುಂಚೆ ಎಚ್ಚರಿಕೆ ಕೊಟ್ಟು. ಈ ಎಚ್ಚರಿಕೆಯಲ್ಲೂ ಒಂದು ಪಾಠ ಕಲಿತೆ. ಎರಡು ರಿಲೀಸ್ ಉದ್ದಕ್ಕೂ ಡೆಪ್ರಿಕೇಶನ್‌ವಾರ್ನಿಂಗ್ (ಇದು ಮುಂದೆ ಇರಲ್ಲ ಅನ್ನೋ ಪೈಥಾನ್ ಎಚ್ಚರಿಕೆ) ಕೊಟ್ಟೆ, ಆಮೇಲೆ ಒಂದು ಫಂಕ್ಷನ್ ತೆಗೆದೆ, ಜನ ಮೊದಲೇ ಯಾಕೆ ಹೇಳಲಿಲ್ಲ ಅಂತ ಮೈಮೇಲೆ ಬಿದ್ದರು. ನೋಡಿದರೆ ಆ ವಾರ್ನಿಂಗನ್ನು ಪೈಥಾನ್ ಹೆಚ್ಚಿನ ಕಡೆ ತಾನಾಗಿ ತೋರಿಸೋದೇ ಇಲ್ಲ. ನೇರವಾಗಿ ಓಡಿಸುವ ಸ್ಕ್ರಿಪ್ಟ್‌ನಲ್ಲಿ ಕಾಣುತ್ತೆ, ಟೆಸ್ಟ್ ಓಡಿಸುವ ಪೈಟೆಸ್ಟ್ ತೋರಿಸುತ್ತೆ, ಉಳಿದಂತೆ ಮೌನ. ನಾನು ಆರು ತಿಂಗಳು ಗೋಡೆಗೆ ಹೇಳುತ್ತಿದ್ದೆ. ಈಗ ತೆಗೆಯೋಕೆ ಮುಂಚಿನ ಕೊನೇ ರಿಲೀಸ್‌ನಲ್ಲಿ ಅದನ್ನು ಫ್ಯೂಚರ್‌ವಾರ್ನಿಂಗ್ ಮಾಡುತ್ತೇನೆ. ಅದು ಎಲ್ಲರಿಗೂ ಕಾಣುತ್ತೆ. ಬೈಗುಳ ಬರುತ್ತೆ, ಪರವಾಗಿಲ್ಲ, ಮುರಿಯೋಕೆ ಮುಂಚೆ ಬರುತ್ತಲ್ಲ.

ಸೆಕ್ಯೂರಿಟಿ ತೊಂದರೆ ಬಂದರೆ ರೈಲು ಕಾಯೋ ಪ್ರಶ್ನೆಯೇ ಇಲ್ಲ, ಅವತ್ತೇ ಪ್ಯಾಚ್. ಒಂದೇ ಎಚ್ಚರಿಕೆ: ಪ್ಯಾಚ್ ಹೊರಡಬೇಕಾದದ್ದು ಹಿಂದಿನ ರಿಲೀಸ್‌ನ ಬ್ರಾಂಚ್‌ನಿಂದ. ಒಮ್ಮೆ ಗಡಿಬಿಡಿಯಲ್ಲಿ ಮೇನ್‌ನಿಂದಲೇ ಟ್ಯಾಗ್ ಹಾಕಿ, ಅರ್ಧ ಬೆಂದ ಎರಡು ಫೀಚರ್‌ಗಳನ್ನೂ ಸೇರಿಸಿ ಕಳಿಸಿದ್ದೆ.

ಇಷ್ಟೆಲ್ಲ ಆದ ಮೇಲೂ ಒಂದು ದೊಡ್ಡ ತೊಡಕು ಉಳಿದಿತ್ತು, ಅದು ನಾನೇ. ಪೈಪಿಐ ಖಾತೆ ನನ್ನದು, ಎರಡನೇ ಹಂತದ ಕೋಡ್ ಬರೋದು ನನ್ನ ಫೋನ್‌ಗೆ, ಅದು 2024ರಿಂದ ಎಲ್ಲರಿಗೂ ಕಡ್ಡಾಯ. ನನಗೆ ಜ್ವರ ಬಂದರೆ ವೇಳಾಪಟ್ಟಿಗೂ ಜ್ವರ. ಹಾಗಾಗಿ ಟ್ರಸ್ಟೆಡ್ ಪಬ್ಲಿಷಿಂಗ್‌ಗೆ ಬದಲಾಯಿಸಿದೆ. ಟ್ಯಾಗ್ ಹಾಕಿದರೆ ಗಿಟ್‌ಹಬ್ ಆಕ್ಷನ್ಸ್ ತಾನೇ ಏರಿಸುತ್ತೆ, ಪಾಸ್‌ವರ್ಡ್ ಇಲ್ಲ, ಟೋಕನ್ ಇಲ್ಲ. ಆಮೇಲೆ ಮಾಡುವ ಕ್ರಮವನ್ನೆಲ್ಲ ಬರೆದಿಟ್ಟು, ಜೊತೆಗಿರುವ ಮೇಂಟೇನರ್‌ಗೆ ಕೊಟ್ಟು, "ಇದನ್ನ ನೋಡಿಕೊಂಡು ನೀವೇ ಮಾಡಿ, ನಾನು ಬಾಯಿ ಬಿಡಲ್ಲ" ಅಂದೆ. ನಾಲ್ಕು ಕಡೆ ಅವರು ಸಿಕ್ಕಿಹಾಕಿಕೊಂಡರು. ನಾಲ್ಕೂ ನನ್ನ ತಲೆಯಲ್ಲಿ ಮಾತ್ರ ಇದ್ದ ಹೆಜ್ಜೆಗಳು. ಬಾಯಿ ಬಿಡದೇ ಕೂರೋದು ಕಷ್ಟವಾಯಿತು, ಆದರೆ ಆ ನಾಲ್ಕೂ ಈಗ ಪಟ್ಟಿಯಲ್ಲಿವೆ.

ಮುಂದಿನ ಫ್ರೀಜ್‌ಗೆ ಇನ್ನು ಒಂಬತ್ತು ದಿನ. ಈ ಸಲದ ರಿಲೀಸ್ ಮಾಡುವವರು ಆ "ಎರಡೇ ದಿನ ಸರ್" ಹುಡುಗ. ನಿನ್ನೆ ನಾನು ಒಂದು ಅರ್ಧ ಮುಗಿದ ಪಿಆರ್ ಹಾಕಿ, ಇದು ಹೋಗಬಹುದಾ ಅಂತ ಕೇಳಿದ್ದಕ್ಕೆ, ಮುಂದಿನ ರಿಲೀಸ್‌ನ ಲೇಬಲ್ ಅಂಟಿಸಿ ಒಂದು ಹೆಬ್ಬೆರಳು ಕಳಿಸಿದ್ದಾನೆ.