ಪ್ರಾಸ್ಟೇಟ್ ಆಪರೇಷನ್ ನಂತರ ಮತ್ತೆ ಸೈಕಲ್ ಹತ್ತುವುದು ಹೇಗೆ?

ಕುಶಾಲನಗರದಿಂದ ಮಡಿಕೇರಿವರೆಗಿನ ಏರನ್ನು ಸಲೀಸಾಗಿ ಹತ್ತುವವರ ಕಾಲು, ಶ್ವಾಸಕೋಶ ಎರಡೂ ಆಪರೇಷನ್ ಆದ ಎರಡೇ ವಾರಕ್ಕೆ ‘ಹೊರಡೋಣ’ ಎನ್ನುತ್ತವೆ. ಒಳಗಿನ ಗಾಯ ಮಾತ್ರ ಆಗ ಇನ್ನೂ ಹಸಿ. ಸೈಕಲ್ ಸವಾರರು ಎಡವುವುದು ಇಲ್ಲೇ.

ಯಾವ ಆಪರೇಷನ್ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಿ. ಪ್ರಾಸ್ಟೇಟ್ ಎಂದರೆ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದ ಗ್ರಂಥಿ. ವಯಸ್ಸಾದಂತೆ ದಪ್ಪಗಾದ ಆ ಗ್ರಂಥಿಯನ್ನು ಮೂತ್ರನಾಳದ ಮೂಲಕವೇ ಕೆರೆದು ತೆಗೆಯುವುದು ಟಿಯುಆರ್‌ಪಿ. ಇದಾದರೆ ಸಾಮಾನ್ಯವಾಗಿ 4ರಿಂದ 6 ವಾರ ಸೈಕಲ್ ಬೇಡ. 10–14ನೇ ದಿನದ ಹೊತ್ತಿಗೆ ಒಳಗಿನ ಹಕ್ಕಳೆ ಉದುರಿ ಮತ್ತೆ ರಕ್ತ ಕಾಣಿಸಬಹುದು. ಕ್ಯಾನ್ಸರ್‌ಗಾಗಿ ಇಡೀ ಗ್ರಂಥಿ ತೆಗೆಯುವ ರ್‍ಯಾಡಿಕಲ್ ಪ್ರಾಸ್ಟೆಕ್ಟಮಿ ಆದರೆ 6ರಿಂದ 12 ವಾರ. ಗ್ರಂಥಿ ಇದ್ದ ಜಾಗದಲ್ಲಿ ಮೂತ್ರಕೋಶವನ್ನು ಕೆಳಗೆಳೆದು ಮೂತ್ರನಾಳಕ್ಕೆ ಹೊಲಿದಿರುತ್ತಾರೆ. ಸೀಟಿನ ಮೂತಿ ಒತ್ತುವುದು ಆ ಜೋಡಣೆಯ ಕೆಳಭಾಗವನ್ನೇ. ಕೊನೆಯ ಮಾತು ನಿಮ್ಮ ಸರ್ಜನ್‌ರದ್ದು.

ದಿನ ಗೊತ್ತು ಮಾಡುವಾಗ

ಕಾಯಲು ವೈದ್ಯರು ಒಪ್ಪಿದರೆ ಮಾತ್ರ ಈ ಲೆಕ್ಕ: ಕೊಡಗಿನವರಿಗೆ ಆಪರೇಷನ್ ಮಾಡಿಸಿಕೊಳ್ಳಲು ಮೇ ಮಧ್ಯಭಾಗ ಅನುಕೂಲ. ಮಳೆ ಬಿರುಸಾಗುವ ಮುನ್ನ ಕ್ಯಾತಿಟರ್ (ಮೂತ್ರ ಹೊರಹೋಗಲು ಹಾಕಿದ ಕೊಳವೆ) ತೆಗೆಸಿಕೊಂಡು ಬರಬಹುದು. ಜುಲೈ–ಆಗಸ್ಟ್‌ನಲ್ಲಿ ರಸ್ತೆಯನ್ನು ನಂಬಿ ಆಸ್ಪತ್ರೆಯ ದಿನ ಇಟ್ಟುಕೊಳ್ಳುವುದು ಎಷ್ಟು ಕಷ್ಟ ಎಂದು 2018ರ ಆಗಸ್ಟ್ ತಿಂಗಳ ಭೂಕುಸಿತ ಕಂಡವರಿಗೆ ಹೇಳಬೇಕಿಲ್ಲ. ಹೇಗೂ ಸೈಕಲ್ ಒಳಗಿರುವ ತಿಂಗಳುಗಳಲ್ಲೇ ವಿಶ್ರಾಂತಿ ಮುಗಿಯುತ್ತದೆ, ಕಾಫಿ ಕೊಯ್ಲಿಗೆ ಮೈ ಸಿದ್ಧವಾಗಿರುತ್ತದೆ.

ಒಂದು ತಿಂಗಳ ಮುಂಚೆ

ಪಿಎಸ್‌ಎ (ಪ್ರಾಸ್ಟೇಟ್ ಸ್ರವಿಸುವ ಪ್ರೋಟೀನ್) ರಕ್ತಪರೀಕ್ಷೆಗೆ ಹೋಗುವ ಹಿಂದಿನ 48 ಗಂಟೆ ಸೈಕಲ್ ಬೇಡ, ಅಂಕಿ ಸುಳ್ಳಾಗಿ ಏರಬಹುದು. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಈಗಲೇ ತಿಳಿಸಿ. ನೀವಾಗಿಯೇ ನಿಲ್ಲಿಸಬೇಡಿ.

ಮೂತ್ರ ತಡೆಯುವ ಸ್ನಾಯುಗಳನ್ನು ಬಲಪಡಿಸುವ ಕೆಗೆಲ್ ವ್ಯಾಯಾಮ ಆಪರೇಷನ್‌ಗೆ ಮೊದಲೇ ರೂಢಿಯಾಗಬೇಕು. ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆಯುವಂತೆ ಬಿಗಿಹಿಡಿದು 5 ಸೆಕೆಂಡ್, ಸಡಿಲಿಸಿ 5 ಸೆಕೆಂಡ್. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ನಿಧಾನಕ್ಕೆ 10 ಸೆಕೆಂಡಿಗೆ ಏರಿಸಿ. ಕನ್ನಡಿ ಮುಂದೆ ಬಟ್ಟೆಯಿಲ್ಲದೆ ನಿಂತು ನೋಡಿ: ಶಿಶ್ನದ ಬುಡ ಒಳಕ್ಕೆ ಎಳೆದುಕೊಂಡು ವೃಷಣ ತುಸು ಮೇಲೇಳಬೇಕು. ಸೈಕಲ್ ತುಳಿದು ತೊಡೆ, ಪೃಷ್ಠ ಗಟ್ಟಿಯಾದವರು ಅವನ್ನೇ ಬಿಗಿದು ಕೆಲಸವಾಯಿತು ಎಂದುಕೊಳ್ಳುತ್ತಾರೆ. ಅದು ಲೆಕ್ಕಕ್ಕಿಲ್ಲ. ಉಸಿರು ಕಟ್ಟಿದರಂತೂ ಒತ್ತಡ ಕೆಳಕ್ಕೇ ಹೋಗುತ್ತದೆ.

ಕ್ಯಾತಿಟರ್ ಇರುವಷ್ಟು ದಿನ

ಟಿಯುಆರ್‌ಪಿಗೆ ಸಾಮಾನ್ಯವಾಗಿ 1–3 ದಿನ, ರ್‍ಯಾಡಿಕಲ್‌ಗೆ 7ರಿಂದ 14 ದಿನ. ಈ ಅವಧಿಯಲ್ಲಿ ಕೆಗೆಲ್ ನಿಲ್ಲಿಸಿ. ಯೂರಿನ್ ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ. ಮೈಸೂರಿನಿಂದ ಮನೆಗೆ ಬರುವಾಗ ಮಡಿಲಲ್ಲಿಟ್ಟುಕೊಳ್ಳದೆ ಕಾಲ ಬಳಿ ಇಡಿ. ಬಸ್, ಜೀಪು ಬೇಡ, ಕಾರೇ ಸರಿ. ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಬೇಕು.

ನಡೆದಾಗ ಮೂತ್ರ ತಿಳಿಗುಲಾಬಿಯಾದರೆ ಹೆದರಬೇಡಿ, ನೀರು ಹೆಚ್ಚು ಕುಡಿಯಿರಿ. ಗಡ್ಡೆಗಡ್ಡೆ ರಕ್ತ, ಮೂತ್ರ ಇಳಿಯದೆ ಹೊಟ್ಟೆ ಬಿಗಿಯುವುದು, ಚಳಿಜ್ವರ, ಒಂದೇ ಮೀನಖಂಡ ಊದಿ ನೋಯುವುದು, ಹಠಾತ್ ಏದುಸಿರು: ಇವು ಯಾವುದಾದರೂ ತಕ್ಷಣ ಆಸ್ಪತ್ರೆಗೆ. ರ್‍ಯಾಡಿಕಲ್ ಆದವರ ಕ್ಯಾತಿಟರ್ ಜಾರಿ ಬಂದರೆ ಹತ್ತಿರದ ಕ್ಲಿನಿಕ್‌ನಲ್ಲಿ ಹಾಗೆಯೇ ಮತ್ತೆ ತೂರಿಸಲು ಬಿಡಬೇಡಿ. ಹೊಲಿಗೆ ಹರಿದೀತು. ಆಪರೇಷನ್ ಮಾಡಿದ ತಂಡಕ್ಕೆ ಮೊದಲು ಫೋನ್ ಮಾಡಿ.

ಮನೆಯಲ್ಲಿ

ಆರು ವಾರ 4–5 ಕಿಲೋಗಿಂತ ಹೆಚ್ಚು ಎತ್ತಬೇಡಿ. ಕಾಫಿ ಚೀಲದ ಮಾತಿರಲಿ, ತುಂಬಿದ ಬಕೆಟ್ಟೂ ಭಾರವೇ. ತೋಟದ ದಾರಿಯ ಜೀಪು ಕುಲುಕಾಟವೂ ಬೇಡ. ಮುಕ್ಕಿ ಮಲವಿಸರ್ಜನೆ ಮಾಡುವಂತಾಗಬಾರದು. ಕಡಂಬುಟ್ಟು, ಅಕ್ಕಿ ರೊಟ್ಟಿ ಜತೆ ಸೊಪ್ಪು, ಪಪ್ಪಾಯಿ ಇರಲಿ. ಕಾಫಿ ಮೂತ್ರಕೋಶವನ್ನು ಕೆರಳಿಸುತ್ತದೆ, ಬೆಳೆಯುವವರಿಗೆ ಹೇಳಲು ಸಂಕೋಚ, ಆದರೂ ದಿನಕ್ಕೆ ಒಂದೆರಡು ಲೋಟ ಸಾಕು.

ಕ್ಯಾತಿಟರ್ ತೆಗೆದ ಮೇಲೆ ಮೂತ್ರ ಸೋರುವುದು ಸಹಜ. ವೈದ್ಯರು ಹೇಳಿದಂದಿನಿಂದ ಕೆಗೆಲ್ ಮತ್ತೆ ಶುರು ಮಾಡಿ. ಕೆಮ್ಮುವ, ಏಳುವ ಮುನ್ನ ಒಮ್ಮೆ ಬಿಗಿಹಿಡಿಯಿರಿ. ಸ್ನಾಯು ದಣಿಯುವ ಸಂಜೆ ಸೋರಿಕೆ ಹೆಚ್ಚು. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸುಧಾರಿಸುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ. ಮಳೆಗಾಲದಲ್ಲಿ ಅರೆಬರೆ ಒಣಗಿದ ಒಳಉಡುಪು ತೊಟ್ಟರೆ ತೊಡೆಸಂದಿಗೆ ಹುಳುಕಡ್ಡಿ ಖಂಡಿತ. ಇಡೀ ಗ್ರಂಥಿ ತೆಗೆಸಿಕೊಂಡವರಿಗೆ ನಿಮಿರುವಿಕೆ ಮರಳಲು ಒಂದೂವರೆ–ಎರಡು ವರ್ಷವೂ ಆಗಬಹುದು. ನಾಚಿಕೊಳ್ಳದೆ ಕೇಳಿ, ಔಷಧಗಳಿವೆ.

ಸೀಟಿಗೆ ಕೂರುವ ಮುನ್ನ

ಗಟ್ಟಿ ಬೆಂಚಿನ ಮೇಲೆ ರಟ್ಟಿನ ಪೆಟ್ಟಿಗೆಯ ತುಂಡಿಟ್ಟು ಕುಳಿತು, ಸ್ವಲ್ಪ ಮುಂದೆ ಬಾಗಿ ಏಳಿ. ಕೂರುವ ಎಲುಬುಗಳ ಎರಡು ಗುಳಿ ಕಾಣುತ್ತವೆ. ನಡುಗುಳಿಯಿಂದ ನಡುಗುಳಿಗೆ ಅಳೆದು 2–3 ಸೆಂಟಿಮೀಟರ್ ಸೇರಿಸಿದರೆ ಸೀಟಿನ ಅಗಲ. ನಡುವೆ ಸೀಳಿರುವ ಅಥವಾ ಮೂತಿಯೇ ಇಲ್ಲದ ಸೀಟು ಒಳ್ಳೆಯದು. ದಪ್ಪ ಜೆಲ್ ಕವರ್ ಬೇಡ: ಎಲುಬು ಹೂತು, ನಡುವಿನ ಭಾಗ ಉಬ್ಬಿ ಬೇಡದ ಜಾಗವನ್ನೇ ಒತ್ತುತ್ತದೆ. ಮೂತಿಯನ್ನು 2–3 ಡಿಗ್ರಿ ಮಾತ್ರ ತಗ್ಗಿಸಿ, ಹೆಚ್ಚಾದರೆ ಮುಂದಕ್ಕೆ ಜಾರುತ್ತೀರಿ. ಹ್ಯಾಂಡಲ್ ಸೀಟಿನ ಮಟ್ಟಕ್ಕೆ ಅಥವಾ ಮೇಲಕ್ಕೆ ಬರಲಿ.

ಅನುಮತಿ ಸಿಕ್ಕ ಮೇಲೆ ಮೊದಲ ಸವಾರಿ ಹತ್ತು ನಿಮಿಷ, ಟ್ರೇನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಬಳಸುವ ಸ್ಟ್ಯಾಂಡ್) ಮೇಲೆ ಅಥವಾ ಕುಶಾಲನಗರದಾಚೆಯ ಸಮತಟ್ಟು ರಸ್ತೆಯಲ್ಲಿ. ಐದು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ನಿಂತು 20–30 ಸೆಕೆಂಡ್ ಸೀಟು ಬಿಡಿ, ಹಂಪ್ ಬಂದಾಗಲೂ ಅಷ್ಟೇ. ಸೋರಿಕೆ ಪ್ಯಾಡ್ ಮತ್ತು ಸೈಕಲ್ ಚಡ್ಡಿಯ ಪ್ಯಾಡ್ ಒಟ್ಟಿಗೆ ಹಾಕಿದರೆ ಸುಕ್ಕಾಗಿ ಚರ್ಮ ಕೀಳುತ್ತದೆ, ತೆಳ್ಳನೆಯದನ್ನು ಆರಿಸಿ. ಮರಗಟ್ಟಿದರೆ ಆಗಲೇ ಇಳಿಯಿರಿ. ಮನೆಗೆ ಬಂದು ಮೂತ್ರದ ಬಣ್ಣ ನೋಡಿ: ಕೆಂಪಾದರೆ ಸೈಕಲ್ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಏನೂ ತೊಂದರೆ ಇಲ್ಲದಿದ್ದರೆ ವಾರಕ್ಕೆ ಐದೈದು ನಿಮಿಷ ಏರಿಸಿ. ಭಾರದ ಗೇರಿನಲ್ಲಿ ಕುಳಿತು ಏರು ತುಳಿದರೆ ಹೊಟ್ಟೆಯೊಳಗಿನ ಒತ್ತಡ ಹೆಚ್ಚಿ ಸೋರಿಕೆ ಮರುಕಳಿಸುತ್ತದೆ, ಹಾಗಾಗಿ ಸುಂಟಿಕೊಪ್ಪದಾಚೆಯ ತಿರುವುಗಳು ಕಟ್ಟಕಡೆಗೆ, ಅದೂ ಹಗುರ ಗೇರಿನಲ್ಲಿ. ಟಿಯುಆರ್‌ಪಿ ಆದವರಲ್ಲಿ ಗ್ರಂಥಿಯ ಹೊರಭಾಗ ಉಳಿದಿರುತ್ತದೆ. ಹಾಗಾಗಿ ಮುಂದಿನ ಪಿಎಸ್‌ಎ ಪರೀಕ್ಷೆಗಳಿಗೂ ಆ 48 ಗಂಟೆಯ ನಿಯಮ ಅನ್ವಯಿಸುತ್ತದೆ.