ಅರ್ಧ ಮೀಟರ್ ಹಿಂದಕ್ಕೆ

ಕಾಲೇಜಿನಲ್ಲಿ ನನ್ನಷ್ಟು ಎತ್ತರದ ಹುಡುಗಿ ಇನ್ನೊಬ್ಬಳಿರಲಿಲ್ಲ. ಐದು ಅಡಿ ಹತ್ತು ಅಂಗುಲ. ಹಾಗಾಗಿ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಮೊದಲ ದಿನದಿಂದಲೇ ನಾನು ಸೆಂಟರ್. ಬುಟ್ಟಿಗೆ ಬೆನ್ನು ಕೊಟ್ಟು ನಿಲ್ಲುವುದು, ಚೆಂಡು ಕೈಗೆ ಬಂದರೆ ತಿರುಗಿ ಹಾಕುವುದು, ತಪ್ಪಿದರೆ ಹಾರಿ ಹಿಡಿದು ಮತ್ತೆ ಹಾಕುವುದು. ಮೈಸೂರಿನ ಅಂತರ ಕಾಲೇಜು ಪಂದ್ಯಗಳಿಗೆ ಅಷ್ಟು ಸಾಕಾಗಿತ್ತು.

ಸಾಲದು ಎಂದು ಗೊತ್ತಾದದ್ದು ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ. ಚೆನ್ನೈ, ಕೇರಳದ ತಂಡಗಳಲ್ಲಿ ಸೆಂಟರ್‌ಗಳು ನನಗಿಂತ ನಾಲ್ಕು ಬೆರಳು ಎತ್ತರವಿದ್ದರು. ನನ್ನಷ್ಟೇ ಎತ್ತರದವರು ಹೊರಗೆ ನಿಂತು ಚೆಂಡು ಪುಟಿಸುತ್ತಾ, ದೂರದಿಂದ ಬುಟ್ಟಿಗೆ ಎಸೆಯುತ್ತಿದ್ದರು. ವಾಪಸು ಬರುವಾಗ ರೈಲಿನಲ್ಲಿ ತರಬೇತುದಾರರು ಪಕ್ಕದಲ್ಲಿ ಬಂದು ಕುಳಿತರು. “ನೋಡಮ್ಮ, ಇನ್ನು ನೀನು ಎತ್ತರ ಬೆಳೆಯುವುದಿಲ್ಲ. ಒಳಗಿನಿಂದ ಹೊರಗೆ ಬಾ. ಫಾರ್ವರ್ಡ್ ಆಗು. ಇಲ್ಲದಿದ್ದರೆ ನಿನ್ನ ಆಟ ಪದವಿಯ ಜೊತೆಗೇ ಮುಗಿಯುತ್ತದೆ” ಎಂದರು. “ಆಯಿತು ಸರ್” ಎಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ‘ಬಿ’ ಡಿವಿಷನ್ ಫೈನಲ್ ನಡೆದಿತ್ತು. ಭಾರತ 75–73ರಿಂದ ಕಜಕಸ್ತಾನವನ್ನು ಸೋಲಿಸಿದ ಆ ಸಂಜೆ ನಾನು ಗ್ಯಾಲರಿಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದೆ. ಆದರೆ ಕಣ್ಣೆಲ್ಲ ಚೆಂಡಿನ ಮೇಲಿತ್ತು. ಸರ್ ಹೇಳಿದ ಮೇಲೆ ಪಂದ್ಯಗಳ ವಿಡಿಯೊಗಳನ್ನು ಹುಡುಕಿ, ಚೆಂಡು ಬಿಟ್ಟು ಫಾರ್ವರ್ಡ್‌ಗಳ ಪಾದಗಳನ್ನು ಮಾತ್ರ ನೋಡತೊಡಗಿದೆ. ಚೆಂಡು ಕೈ ಸೇರುವ ಮೊದಲೇ ಅವರ ಮೊಣಕಾಲು ಬಾಗಿರುತ್ತಿತ್ತು, ಕಾಲ್ಬೆರಳುಗಳು ಬುಟ್ಟಿಯತ್ತ ತಿರುಗಿರುತ್ತಿದ್ದವು. ನಾನು ಚೆಂಡು ಹಿಡಿದ ಮೇಲೆ ಬುಟ್ಟಿಯನ್ನು ಹುಡುಕುವವಳು. ಎದುರಾಳಿ ಬಂದು ಮೇಲೆ ಬೀಳಲು ಅಷ್ಟು ಹೊತ್ತು ಧಾರಾಳವಾಯಿತು.

ಅಭ್ಯಾಸ ಶುರುಮಾಡಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ನಮ್ಮ ಸಿಮೆಂಟ್ ಅಂಕಣದ ಮೂರು ಅಂಕದ ಗೆರೆ, ಅಂದರೆ ಅದರಾಚೆಯಿಂದ ಬುಟ್ಟಿಗೆ ಹಾಕಿದರೆ ಮೂರು ಅಂಕ ಸಿಗುವ ಗೆರೆ, ಬುಟ್ಟಿಯಿಂದ 6.25 ಮೀಟರ್ ದೂರದ್ದು. 2010ರಲ್ಲೇ ಅಂತರರಾಷ್ಟ್ರೀಯ ಒಕ್ಕೂಟ ಅದನ್ನು 6.75ಕ್ಕೆ ಸರಿಸಿದ್ದರೂ ನಮ್ಮಲ್ಲಿ ಯಾರೂ ಹೊಸ ಗೆರೆ ಎಳೆದಿರಲಿಲ್ಲ. ಒಂದು ಭಾನುವಾರ ತಮ್ಮನನ್ನು ಕರೆದುಕೊಂಡು ಹೋದೆ. ರಿಂಗ್‌ನ ನಡುವಿನಿಂದ ನೇರ ಕೆಳಗೆ ನೆಲದ ಮೇಲೆ ಗುರುತು ಹಾಕಿ ಅವನು ದಾರದ ತುದಿ ಹಿಡಿದು ಕುಳಿತ. ಇನ್ನೊಂದು ತುದಿಗೆ ಸುಣ್ಣದ ಕಡ್ಡಿ ಕಟ್ಟಿ ನಾನು ಕಮಾನು ಎಳೆದೆ. ಮಳೆ ಬಂದಾಗಲೆಲ್ಲ ಅಳಿಸಿಹೋಗುತ್ತಿತ್ತು, ಮತ್ತೆ ಎಳೆಯುತ್ತಿದ್ದೆವು. ಅಳೆಯುವಾಗಲೇ ತಿಳಿದದ್ದು: ಮೂಲೆಗಳಲ್ಲಿ ಗೆರೆ ಪಕ್ಕದ ಗಡಿಗೆ ಸಮಾನಾಂತರವಾಗಿ ನೇರ ಹೋಗುವುದರಿಂದ ಅಲ್ಲಿ ದೂರ 6.60 ಮೀಟರ್ ಮಾತ್ರ. ಹದಿನೈದು ಸೆಂಟಿಮೀಟರ್ ಕಡಿಮೆ. ನಾನು ನೆಲೆಯೂರಬೇಕಾದ ಜಾಗ ಅದೇ ಎಂದು ಅಂದೇ ತೀರ್ಮಾನಿಸಿದೆ.

ಮೊದಲ ತಿಂಗಳು ಚೆಂಡು ರಿಂಗ್‌ಗೂ ತಲುಪಲಿಲ್ಲ. ತೋಳಿನ ಬಲದಿಂದ ಎಸೆಯುತ್ತಿದ್ದೆ. ಆ ದೂರಕ್ಕೆ ಬಲ ಬರಬೇಕಾದದ್ದು ಕಾಲಿನಿಂದ. ಹುಡುಗರ 7ನೇ ಸೈಜಿನ ಚೆಂಡನ್ನೇ ನಾವೂ ಬಳಸುತ್ತಿದ್ದೆವು. ನಾನು ಉಳಿಸಿದ ಹಣದಲ್ಲಿ ಮಹಿಳೆಯರ 6ನೇ ಸೈಜಿನ ಚೆಂಡು ಕೊಂಡೆ. ನನ್ನ ಮಾತು ಕೇಳುವ ಹುಡುಗಿಯರಿಗೆ ಮೊದಲು ಹೇಳುವುದು ಇದನ್ನೇ: ಪಂದ್ಯದಲ್ಲಿ ಆಡುವ ಚೆಂಡಿನಲ್ಲೇ ಅಭ್ಯಾಸ ಮಾಡಿ. ದಿನಕ್ಕೆ ಮುನ್ನೂರು ಎಸೆತ, ಬಿದ್ದದ್ದೆಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು ತಮ್ಮನ ಕೆಲಸ. ನನ್ನ ಮೇಲೆ ಪ್ರೀತಿಯಿದ್ದರೂ ಅವನು ಒಂದನ್ನೂ ಹೆಚ್ಚಿಗೆ ಬರೆಯಲಿಲ್ಲ. ಅದಕ್ಕೆ ಅವನಿಗೆ ಇಂದಿಗೂ ಋಣಿ.

ಎಸೆತಕ್ಕಿಂತ ಕಷ್ಟವಾದದ್ದು ರಕ್ಷಣೆ. ಬುಟ್ಟಿಯ ಕೆಳಗೆ ಎರಡು ಹೆಜ್ಜೆಯಲ್ಲಿ ಮುಗಿಯುತ್ತಿದ್ದ ಕೆಲಸ ಹೊರಗೆ ಮುಗಿಯುವುದೇ ಇಲ್ಲ. ಪಾದ ಪಾದಕ್ಕೆ ತಾಗದಂತೆ ಅಡ್ಡಡ್ಡ ಸರಿಯುವುದನ್ನು ಮಗುವಿನ ಹಾಗೆ ಮೊದಲಿನಿಂದ ಕಲಿತೆ.

ಇನ್ನು ವೃತ್ತಿಯ ಮಾತು. ಭಾರತದ ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ವೃತ್ತಿ ಎಂದರೆ ಹೆಚ್ಚಾಗಿ ಕ್ರೀಡಾ ಕೋಟಾದ ನೌಕರಿ. ಆಸ್ಟ್ರೇಲಿಯಾದ ಕ್ಲಬ್‌ನಲ್ಲಿ ಆಡಿ, 2011ರಲ್ಲಿ ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ತಂಡಗಳ ಆಯ್ಕೆ ಟ್ರಯಲ್ಸ್‌ವರೆಗೆ ಹೋದ ಗೀತು ಆನ್ನಾ ಜೋಸ್ ಕೂಡ ದಕ್ಷಿಣ ರೈಲ್ವೆಯ ನೌಕರರಾಗಿದ್ದವರೇ. ಇದನ್ನು ಕೀಳಾಗಿ ಕಾಣುವವರ ಮಾತು ನನಗೆ ನೋವು ಕೊಡುತ್ತದೆ. ತಿಂಗಳ ಸಂಬಳ, ದಿನವೂ ಅಭ್ಯಾಸ, ಆಡಲು ಗಟ್ಟಿ ತಂಡ: ಒಬ್ಬ ಆಟಗಾರ್ತಿಗೆ ಇದು ಸಣ್ಣ ಭಾಗ್ಯವಲ್ಲ.

ಈ ನೌಕರಿಗೆ ರೈಲ್ವೆಯ ಆಯ್ಕೆಯ ಲೆಕ್ಕ ಹೀಗಿದೆ: ಒಟ್ಟು 100 ಅಂಕಗಳಲ್ಲಿ ಟ್ರಯಲ್ಸ್‌ಗೆ 40, ಕ್ರೀಡಾ ಸಾಧನೆಗೆ 50, ಓದಿಗೆ 10. ಟ್ರಯಲ್ಸ್‌ನ 40ರಲ್ಲಿ 25 ಬಾರದಿದ್ದರೆ ಉಳಿದದ್ದನ್ನು ನೋಡುವುದೇ ಇಲ್ಲ. ಸಾಧನೆಯೂ ಇತ್ತೀಚಿನದಾಗಿರಬೇಕು, ಹಳೆಯ ಪ್ರಮಾಣಪತ್ರ ಲೆಕ್ಕಕ್ಕಿಲ್ಲ. ಇದರ ಬಿಸಿ ನನಗೆ ತಟ್ಟಿದ್ದು 2020ರ ಮಾರ್ಚ್ ನಂತರ. ಟೂರ್ನಿಗಳೆಲ್ಲ ನಿಂತವು, ಕಪಾಟಿನಲ್ಲಿದ್ದ ಪ್ರಮಾಣಪತ್ರಗಳು ಸುಮ್ಮನೆ ಹಳತಾಗುತ್ತಿದ್ದವು. ಮತ್ತೆ ರಾಜ್ಯ ತಂಡದ ಆಯ್ಕೆಗೆ ನಿಂತು ಮೊದಲಿನಿಂದ ಗಳಿಸಬೇಕಾಯಿತು. ಅಂದಹಾಗೆ, ಕೇಂದ್ರ ಸರ್ಕಾರದ ಇತರ ಇಲಾಖೆಗಳು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೇಳುತ್ತವೆ: ರಾಜ್ಯವನ್ನು ಪ್ರತಿನಿಧಿಸಿದ್ದಕ್ಕೆ ನಮೂನೆ 2, ವಿಶ್ವವಿದ್ಯಾಲಯಕ್ಕೆ ನಮೂನೆ 3. ಟೂರ್ನಿ ಮುಗಿದ ವಾರದಲ್ಲೇ ಸಹಿ ಹಾಕಿಸಿಕೊಳ್ಳಿ.

ಮೊದಲ ಟ್ರಯಲ್ಸ್ ಒಂದು ಇಲಾಖೆಯದು. ಗಾಬರಿಯಲ್ಲಿ ಹಳೆಯ ಅಭ್ಯಾಸ ಕಾಲೆಳೆಯಿತು. ಬುಟ್ಟಿಯ ಕೆಳಗೆ ಹೋಗಿ ನಿಂತುಬಿಟ್ಟೆ. ಚೆಂಡು ನನ್ನ ಕೈಗೆ ಬಂದದ್ದು ಮೂರು ಸಲ. ಪಟ್ಟಿಯಲ್ಲಿ ಹೆಸರಿರಲಿಲ್ಲ.

ಮರುವರ್ಷ ರೈಲ್ವೆ ಟ್ರಯಲ್ಸ್‌ನಲ್ಲಿ ಬಲ ಮೂಲೆಗೆ ಹೋಗಿ ಕಾಲೂರಿದೆ. ಮೊದಲ ಎರಡು ಎಸೆತ ತಪ್ಪಿದವು. ಜಾಗ ಬಿಡಲಿಲ್ಲ. ಮೂರನೆಯ ಸಲ ಚೆಂಡು ಬರುವ ಮೊದಲೇ ಮೊಣಕಾಲು ಬಾಗಿತ್ತು. ಬಲೆ ಸದ್ದು ಮಾಡಿತು. ಆಮೇಲೆ ಎದುರಾಳಿ ನನ್ನನ್ನು ತಡೆಯಲು ಹೊರಗೆ ಓಡಿಬರತೊಡಗಿದಳು. ಅವಳ ಬಗಲಿನಿಂದ ನುಗ್ಗಿ ಬುಟ್ಟಿಯತ್ತ ಹೋಗುವ ದಾರಿ ನನಗೆ ಕಾಲೇಜಿನಿಂದಲೇ ಗೊತ್ತಿತ್ತು.

ನೇಮಕದ ಪತ್ರ ಬಂದ ದಿನ ತಮ್ಮ ಆ ನೋಟ್‌ಬುಕ್ಕನ್ನು ತಂದು ನನ್ನ ಮುಂದಿಟ್ಟ. ಮೊದಲ ಪುಟದಲ್ಲಿ ಮುನ್ನೂರಕ್ಕೆ ನಲವತ್ತೊಂದು ಎಂದಿತ್ತು.